ನಮ್ಮ ಇನ್ನೊಂದು ನವೆಂಬರ್ 1

ಕನ್ನಡಿಗರಾದ ನಮಗೆಲ್ಲ ನವೆಂಬರ್ 1 ಎಂದರೆ ರಾಜ್ಯೋತ್ಸವ. ಮಹಾರಾಷ್ಟ್ರ ಸರಕಾರದ ನೌಕರಿಯಲ್ಲಿರುವ ನನ್ನಂಥವರಿಗೆ ಆ ತಾರೀಖಿಗೆ ಇನ್ನೊಂದು ಅರ್ಥವೂ ಇದೆ. 2005ರ ನವೆಂಬರ್ 1ಕ್ಕಿಂತ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ ಉಂಟು, ಆಮೇಲೆ ಸೇರಿದವರಿಗೆ ಇಲ್ಲ.

ನಾನು ಮುಂಬಯಿಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಊರು ಅಕ್ಕಲಕೋಟೆ ಕಡೆ. ಸೇರಿದ್ದು 2007ರಲ್ಲಿ. ನನ್ನ ವಾರ್ಡಿನಲ್ಲೇ ಇರುವ ಗೆಳತಿ ಸೇರಿದ್ದು 2005ರ ಜೂನ್‌ನಲ್ಲಿ. ಇಬ್ಬರದೂ ಅದೇ ಸಮವಸ್ತ್ರ, ಅದೇ ನೈಟ್ ಡ್ಯೂಟಿ. ನಿವೃತ್ತಿಯ ನಂತರ ಆಕೆಗೆ ಕೊನೆಯ ಮೂಲವೇತನದ ಅರ್ಧ ತಿಂಗಳು ತಿಂಗಳೂ ಬರುತ್ತದೆ, ಅದರ ಮೇಲೆ ತುಟ್ಟಿಭತ್ಯೆ. ನನ್ನ ಸಂಬಳದಲ್ಲಾದರೋ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10 ಪ್ರತಿ ತಿಂಗಳು ಕಡಿತ. ಸರಕಾರವೂ ತನ್ನ ಪಾಲು ಹಾಕುತ್ತದೆ, ನಿಜ. ಆದರೆ ಮಾರುಕಟ್ಟೆಗೆ ಹೋದ ಆ ಹಣ ಕೊನೆಗೆ ಎಷ್ಟಾಗಿ ಬಂದೀತೆಂದು ಯಾರೂ ಹೇಳಲಾರರು.

ಪಿಂಚಣಿಯ ಬೆಲೆ ನನಗೆ ಗೊತ್ತಾಗಿದ್ದು ಅವ್ವನಿಂದ. ಅಪ್ಪ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರು ಹೋದ ಮೇಲೆ ಅವ್ವನಿಗೆ ಕುಟುಂಬ ಪಿಂಚಣಿ ಬರುತ್ತದೆ. ದೊಡ್ಡ ಮೊತ್ತವೇನಲ್ಲ. ಆದರೂ ಔಷಧಿ ಅಂಗಡಿಯಲ್ಲಿ ನಾನು ಪರ್ಸು ತೆಗೆದರೆ, “ನನ್ನ ಗುಳಗಿ ರೊಕ್ಕ ನಾನ ಕೊಡ್ತೀನಿ, ನೀ ಯಾಕ ಕೊಡ್ತಿ?” ಎಂದು ಗದರುತ್ತಾಳೆ. ಮುದಿತನದಲ್ಲಿ ಹಾಗೆ ಗದರುವ ಹಕ್ಕು ನನಗೂ ಬೇಕೆನಿಸಿತು.

ಹಾಗಾಗಿ 2023ರ ಮಾರ್ಚ್ 14ರಂದು ನಾನೂ ಮುಷ್ಕರಕ್ಕೆ ಇಳಿದೆ. ಅದೇ ತಿಂಗಳ ಒಂದನೇ ತಾರೀಖು ಕರ್ನಾಟಕದ ನೌಕರರು ಮುಷ್ಕರ ಹೂಡಿ, ಸರಕಾರ ಶೇಕಡಾ 17 ಮಧ್ಯಂತರ ಪರಿಹಾರ ಕೊಟ್ಟ ಮೇಲೆ ಅದೇ ದಿನ ಹಿಂತೆಗೆದುಕೊಂಡಿದ್ದರು. ನಮ್ಮದೂ ಹಾಗೇ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಏಳು ದಿನ ನಡೆಯಿತು. ದಿನವೂ ಡೊಂಬಿವಲಿಯಿಂದ ಲೋಕಲ್ ಹಿಡಿದು ಬಂದು, ಆಸ್ಪತ್ರೆಯ ಗೇಟಿನ ಹೊರಗೆ ಕೂತು “ಏಕಚ್ ಮಿಷನ್, ಜುನಿ ಪೆನ್ಶನ್” ಎಂದು ಕೂಗುತ್ತಿದ್ದೆವು.

ಮೂರನೆಯ ದಿನ ಒಬ್ಬ ಮುದುಕ ನನ್ನ ಎದುರು ಬಂದು ನಿಂತ. ಹೆಂಡತಿಯ ಆಪರೇಷನ್ ಮುಂದಕ್ಕೆ ಹೋಗಿತ್ತು. “ನನಗೆ ಅರವತ್ತೈದಾಯ್ತು, ಈಗಲೂ ಮೂಟೆ ಹೊರತೀನಿ. ನನ್ನ ಪೆನ್ಶನ್ ಯಾರು ಕೊಡತಾರೆ ಸಿಸ್ಟರ್?” ಎಂದು ಮರಾಠಿಯಲ್ಲಿ ಕೇಳಿದ. ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದ. ನಾನು ತಲೆ ತಗ್ಗಿಸಿದೆ. ನಮ್ಮದನ್ನು ಕಿತ್ತುಕೊಂಡರೆ ಅವನಿಗೇನೂ ಸಿಗುವುದಿಲ್ಲ ಎಂಬ ಉತ್ತರ ಆಮೇಲೆ ಹೊಳೆಯಿತು. ಸರಿಯಾದ ಉತ್ತರವೇ. ಆದರೆ ಅವನ ಹೆಂಡತಿಯ ಹಾಸಿಗೆಯ ಪಕ್ಕ ನಿಂತು ಅದನ್ನು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆ ಏಳು ದಿನ ನಮ್ಮ ವಾರ್ಡು ನಡೆಸಿದವರು ಯಾರು ಗೊತ್ತೇ? ಗುತ್ತಿಗೆಯ ನರ್ಸುಗಳು. ಅವರಲ್ಲಿ ಒಬ್ಬಳು ನನ್ನ ಕೈಯಲ್ಲೇ ಕೆಲಸ ಕಲಿತವಳು. ಸಂಬಳ ನನ್ನದರ ಅರ್ಧಕ್ಕಿಂತ ಕಡಿಮೆ, ಪಿಂಚಣಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಡಬಲ್ ಡ್ಯೂಟಿ ಮುಗಿಸಿ ಹೊರಬಂದವಳು ಪೆಂಡಾಲಿನ ಹತ್ತಿರ ನಿಂತು, “ಸಿಸ್ಟರ್, ನಿಮ್ಮ ಲಿಸ್ಟಿನಲ್ಲಿ ನಮ್ಮದೇನಾದರೂ ಇದೆಯಾ?” ಎಂದಳು. ಬೇಡಿಕೆಗಳ ಕರಪತ್ರ ನನ್ನ ಕೈಯಲ್ಲೇ ಇತ್ತು. ಓದಿ ನೋಡಿದೆ. ಅವರ ಮಾತು ಇತ್ತು, ಕೆಳಗೆಲ್ಲೋ ಒಂದು ಸಾಲು. ಅದನ್ನು ನಾವು ಒಂದು ಸಲವೂ ಕೂಗಿರಲಿಲ್ಲ. ನವೆಂಬರ್ 1ರ ಗೆರೆಯ ಆಚೆ ನಿಲ್ಲಿಸಿದರೆಂದು ಹದಿನಾರು ವರ್ಷ ಗೊಣಗಿದ ನನಗೆ, ನನ್ನ ಕೆಳಗಿದ್ದ ಇನ್ನೊಂದು ಗೆರೆ ಕಂಡಿರಲಿಲ್ಲ.

20ರಂದು ಮುಷ್ಕರ ಮುಗಿಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಏಕೀಕೃತ ಪಿಂಚಣಿ ಯೋಜನೆ ಘೋಷಿಸಿತು, ಮಹಾರಾಷ್ಟ್ರದ ಸಂಪುಟ ಮರುದಿನವೇ ಒಪ್ಪಿತು. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲವೇತನದ ಅರ್ಧ ಸಿಗುತ್ತದಂತೆ, ಆದರೆ ಸಂಬಳದ ಕಡಿತ ತಪ್ಪುವುದಿಲ್ಲ. ಹಳೆಯದಕ್ಕೆ ಸಮವಲ್ಲ, ಆದರೂ ಬೀದಿಗಿಳಿಯದಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮುಷ್ಕರ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಆಮೇಲಿನ ಸಂಘದ ಸಭೆಯಲ್ಲಿ ಎದ್ದು ನಿಂತು, ಮುಂದಿನ ಸಲ ಗುತ್ತಿಗೆಯವರ ಬೇಡಿಕೆ ಪಟ್ಟಿಯ ಮೊದಲ ಸಾಲಿಗೆ ಬರಬೇಕು ಎಂದೆ. “ಮೊದಲು ನಮ್ಮದಾಗಲಿ” ಎಂದರು ಒಬ್ಬ ಹಿರಿಯರು. ಕೆಲವರು ತಲೆಯಾಡಿಸಿದರು. ಆ ಹುಡುಗಿ ಈಗಲೂ ಗುತ್ತಿಗೆಯಲ್ಲೇ ಇದ್ದಾಳೆ. ನಾಳೆ ನಮ್ಮಿಬ್ಬರಿಗೂ ನೈಟ್ ಡ್ಯೂಟಿ.