ಯಾರ ಆಜ್ಞೆ ಶಿರೋಧಾರ್ಯ?

ಯೇಸುವಿನ ಹೆಸರನ್ನೆತ್ತಿ ಬೋಧಿಸಕೂಡದೆಂದು ಯೆರೂಸಲೇಮಿನ ಹಿರೀಸಭೆಯು ವಿಧಿಸಿದಾಗ, ಮನುಷ್ಯರ ಆಜ್ಞೆಗಿಂತ ದೇವರ ಆಜ್ಞೆಯೇ ತಮಗೆ ಶಿರೋಧಾರ್ಯವೆಂದು ಯೇಸುವಿನ ಶಿಷ್ಯನಾದ ಪೇತ್ರನೂ ಅವನ ಸಂಗಡಿಗರೂ ಉತ್ತರವಿತ್ತ ಪ್ರಸಂಗವು ಬೈಬಲಿನ ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿದೆ. ಆ ಉತ್ತರಕ್ಕಿಂತಲೂ ನನ್ನ ಮನಸ್ಸನ್ನು ಸೆಳೆಯುವುದು ಮುಂದಿನ ಸಂಗತಿ: ಅವರು ಖಡ್ಗವನ್ನೆತ್ತಲಿಲ್ಲ, ಊರು ಬಿಟ್ಟೋಡಲಿಲ್ಲ, ಏಟುಗಳನ್ನು ತಿಂದು, ಆ ಅವಮಾನಕ್ಕೆ ಪಾತ್ರರಾದೆವೆಂದು ಹರ್ಷಿಸುತ್ತ ಹೊರಬಂದು, ಪ್ರತಿದಿನವೂ ದೇವಾಲಯದಲ್ಲಿ ಮತ್ತೆ ಬೋಧಿಸಿದರು.

ಹಲಗೇರಿಯಂಥ ನಮ್ಮ ಊರುಗಳಲ್ಲಿ ಮನುಷ್ಯರ ಅಧಿಕಾರವೆಂದರೆ ಸರಕಾರವೊಂದೇ ಅಲ್ಲ. ಮನೆಯ ಯಜಮಾನನ ಮಾತು, ಕುಲದ ಕಟ್ಟಳೆ, ಪಂಚರ ತೀರ್ಪು ಇವು ಅದಕ್ಕಿಂತಲೂ ಬಲವಾದವು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಎದುರಿಸಿದ್ದು ದೊರೆಯನ್ನಲ್ಲ (ದೊರೆತನವು ಆಗ ಕ್ರೈಸ್ತರದೇ ಆಗಿತ್ತು), ಸ್ವಂತ ಕುಲವನ್ನು. ಬಂಧುಗಳಿಂದ ಬೇರ್ಪಟ್ಟು, ಬಾಸೆಲ್ಲಿನಲ್ಲಿ ಕಲಿತು, ಬೋಧಕರಾಗಿ ಅವರು ಇದೇ ನಾಡಿಗೆ ಮರಳಿದರು.

ಈ ಹಾದಿ ಕ್ರೈಸ್ತರಿಗಷ್ಟೇ ಮೀಸಲಲ್ಲ. ನಮ್ಮ ನೆರೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಕ್ರೈಸ್ತರಲ್ಲ. ಆದರೆ 1930ರ ದಂಡಿಯಾತ್ರೆಯಲ್ಲಿ ಅವರು ಯಾರ ಹಿಂದೆ ನಡೆದರೋ ಆ ಗಾಂಧೀಜಿಯವರು ಯೇಸುವಿನ ಗಿರಿಪ್ರವಚನವನ್ನು ಮನಸಾರೆ ಗೌರವಿಸಿದವರು, ಮುರಿದ ಕಾನೂನಿನ ಶಿಕ್ಷೆಯನ್ನು ಮರೆಮಾಚದೆ ಸ್ವೀಕರಿಸಿದವರು.

ದೇವರ ಹೆಸರು ಹೇಳಿ ಕಂದಾಯ ತಪ್ಪಿಸುವವನನ್ನಾಗಲಿ, ನೆರೆಯವನನ್ನು ನೋಯಿಸುವವನನ್ನಾಗಲಿ ನಾನು ಈ ಸಾಲಿಗೆ ಸೇರಿಸಲಾರೆ. ಆದರೆ ನಾಳೆ ನಿಮ್ಮ ಮನೆಯ ಮಗನೋ ಮಗಳೋ ಅಂತಃಸಾಕ್ಷಿಗೆ ಓಗೊಟ್ಟು ಇಂಥದೊಂದು ನಿರ್ಧಾರವನ್ನು ನಿಮ್ಮೆದುರು ನಿಂತು ತಿಳಿಸಿದರೆ, ಹಿರಿಯರೇ, ಹೊರದೂಡುವ ಮುನ್ನ ಕುಳ್ಳಿರಿಸಿಕೊಂಡು ಪೂರ್ತಿಯಾಗಿ ಕೇಳಿರಿ.