ಹುಣಿಸೆ ತೋಪಿನ ಬೆಲೆಗೆ ಬಂದ ಕೆಲಸ

ಕಳೆದ ಏಪ್ರಿಲ್ ತಿಂಗಳ ಒಂದು ಸಂಜೆ ಕಲ್ಯಾಣದುರ್ಗದಿಂದ ನನ್ನ ಅಕ್ಕನ ಮಗಳು ಮೊಬೈಲಿಗೆ ಒಂದು ಪತ್ರದ ಚಿತ್ರವನ್ನು ಕಳುಹಿಸಿದಳು. ದುಬೈ ನಗರದ ಶಾಲೆಯೊಂದು ಅವಳನ್ನು ಇಂಗ್ಲಿಷ್ ಅಧ್ಯಾಪಕಿಯಾಗಿ ನೇಮಿಸಿಕೊಂಡಿದೆ ಎಂಬುದು ಅದರ ಒಕ್ಕಣೆ. ತಿಂಗಳಿಗೆ 4,500 ದಿರ್ಹಮ್ ಸಂಬಳ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಯ ಆಸುಪಾಸು. ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಎಂ.ಎ. ಪದವಿ, ಅದರ ಮೇಲೊಂದು ಬಿ.ಎಡ್. ಇಟ್ಟುಕೊಂಡು, ಊರಿನ ಖಾಸಗಿ ಶಾಲೆಯಲ್ಲಿ 14,000 ರೂಪಾಯಿಗೆ ಐದು ವರ್ಷಗಳಿಂದ ದುಡಿಯುತ್ತಿರುವ, ಬೇಸಿಗೆ ರಜೆಯಲ್ಲಿ ಅದನ್ನೂ ಕಾಣದ ಹುಡುಗಿಗೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದ್ದೀತು? ಪತ್ರದ ಕೆಳಗೆ ಅವಳೇ ಬರೆದಿದ್ದಳು: “ಮಾವ, ನೀವು ಒಮ್ಮೆ ಓದಿ ಸರಿಯಿದೆಯೇ ಹೇಳಿ. ಏಜೆಂಟರು ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಅಪ್ಪ ಹೊಲ ಅಡವಿಡುತ್ತೇನೆ ಅನ್ನುತ್ತಿದ್ದಾರೆ.”

ರಾತ್ರಿ ಭಾವನವರೇ ಫೋನು ಮಾಡಿದರು. ಅವರ ದನಿಯಲ್ಲಿ ಸಂದೇಹದ ಸುಳಿವೂ ಇರಲಿಲ್ಲ. “ನಿನಗಾದದ್ದೂ ಹೀಗೇ ಅಲ್ಲವೇನಯ್ಯಾ? ಮಾವನವರು ಹುಣಿಸೆ ತೋಪು ಮಾರಿ ಅರವತ್ತು ಸಾವಿರ ಕಟ್ಟಿದರು. ನೀನು ಹೋಗಿ ದುಡಿದೆ, ಹಿಂದೂಪುರದಲ್ಲಿ ಮನೆ ಕಟ್ಟಿದೆ. ನನ್ನ ಕಡಲೆಕಾಯಿ ಹೊಲ ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಮಗಳಿಗಾದರೂ ಒಂದು ದಾರಿಯಾಗಲಿ.”

ನಾನು ನಾಡಿದ್ದು ಬರುವುದಾಗಿಯೂ ಅಲ್ಲಿಯವರೆಗೆ ಹಣ ಕೊಡಬಾರದೆಂದೂ ಹೇಳಿ ಫೋನು ಇಟ್ಟೆ. ಅಂದು ನಿದ್ರೆ ಬರಲಿಲ್ಲ. ಭಾವನವರು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಆದರೆ ಕಲ್ಯಾಣದುರ್ಗದವರಿಗೆ ಗೊತ್ತಿದ್ದದ್ದು ನಾನು ಹೇಳಿದ ಕಥೆ ಮಾತ್ರ, ಮತ್ತು ನಾನು ಹೇಳಿದ್ದು ಅರ್ಧ.

ಅದು 2004ನೆಯ ಇಸವಿ. ಹಿಂದೂಪುರದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಉಪನ್ಯಾಸಕನಾಗಿದ್ದೆ. ನಮ್ಮ ಮೂಲ ಊರು ಮಡಕಶಿರಾ ಕಡೆಯದು. ಮನೆಯಲ್ಲಿ ಕನ್ನಡ, ಹಿಂದೂಪುರದ ಸಂತೆಯಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷ್. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದ ನಾನು ಇಂಗ್ಲಿಷಿನ ಅಕ್ಷರಮಾಲೆಯನ್ನು ಕಂಡದ್ದು ಐದನೆಯ ತರಗತಿಯಲ್ಲಿ. ಕದಿರಿ, ರಾಯಚೋಟಿ ಕಡೆಯ ಜನ ಕುವೈತಿಗೆ ಡ್ರೈವರುಗಳಾಗಿ, ಮನೆಗೆಲಸದವರಾಗಿ ಹೋಗುವುದು ಆಗಲೇ ವಾಡಿಕೆಯಾಗಿತ್ತು. ಮೇಷ್ಟರಾಗಿ ಹೋಗುವವರು ನಮ್ಮ ಸೀಮೆಯಲ್ಲಿ ವಿರಳ. ಬೆಂಗಳೂರಿನ ಏಜೆಂಟರೊಬ್ಬರು ಒಮಾನ್ ದೇಶದಲ್ಲಿ ಕೆಲಸವಿದೆ, ತಿಂಗಳಿಗೆ 250 ರಿಯಾಲ್, ವಸತಿ ಉಚಿತ ಎಂದರು. ರಿಯಾಲಿಗೆ ಆಗ ಸುಮಾರು 115 ರೂಪಾಯಿ. ಅಪ್ಪ ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಗುಣಾಕಾರ ಮಾಡಿ ನೋಡಿ, ಒಂದು ವಾರದಲ್ಲಿ ಎರಡೆಕರೆ ತೋಪನ್ನು ಮಾರಿದರು. ಆ ಮರಗಳ ಹುಣಿಸೆಹಣ್ಣು ಹಿಂದೂಪುರದ ಮಾರುಕಟ್ಟೆಗೆ ಹೋಗಿ ಬಂದ ಹಣದಲ್ಲೇ ನಾನೂ ಅಕ್ಕನೂ ಓದಿದ್ದೆವು.

ಮಸ್ಕತ್ತಿನಲ್ಲಿ ಇಳಿದವನನ್ನು ಶಾಲೆಯ ವ್ಯಾನು ಮೂರು ಗಂಟೆಗಳ ದೂರದ ಒಳನಾಡಿನ ಊರಿಗೆ ಒಯ್ದಿತು. ಮರುದಿನ ಕಚೇರಿಯಲ್ಲಿ ಅರಬ್ಬೀ ಭಾಷೆಯ ಕರಾರು ಪತ್ರವನ್ನು ಮುಂದಿಟ್ಟರು. ಅಂಕಿಗಳನ್ನು ಮಾತ್ರ ಪಕ್ಕದಲ್ಲಿದ್ದವರು ಓದಿ ಹೇಳಿದರು: 160 ರಿಯಾಲ್. ಪಾಸ್‌ಪೋರ್ಟನ್ನು ‘ಭದ್ರತೆಗಾಗಿ’ ಇಸಿದುಕೊಂಡು ಕಪಾಟಿನಲ್ಲಿಟ್ಟರು. ನಾನು ಸಹಿ ಮಾಡಿದೆ. ಏಕೆ ಮಾಡಿದಿರಿ ಎಂದು ಓದುಗರು ಕೇಳಬಹುದು. ಸಂಬಳ ಕಡಿಮೆ ಎಂದು ಹಿಂದಿರುಗಲು ಹಣ ಕೊಡದೆ ಹೋದವನಿಗೆ ಸಾಧ್ಯ. ತೋಪು ಮಾರಿ ಹೋದವನು ಯಾವ ಮುಖ ಹೊತ್ತು ಮಡಕಶಿರಾದ ಬಸ್ಸು ಇಳಿಯಬೇಕು?

ಮನೆಗೆ ಬರೆದ ಪತ್ರದಲ್ಲಿ ಸಂಬಳ 250 ಎಂದೇ ಬರೆದೆ. ಆಮೇಲೆ ಆ ಸುಳ್ಳಿಗೆ ತಕ್ಕಷ್ಟು ಹಣವನ್ನು ಕಳುಹಿಸಬೇಕಾಯಿತು. ಒಂದು ಕೋಣೆಯಲ್ಲಿ ನಾಲ್ವರು ಇದ್ದೆವು. ಮೊದಲ ಯುಗಾದಿಗೆ ಊರಿಗೆ ಕಳುಹಿಸಿದ ಹಣ ಮಲಯಾಳಿ ಸಹೋದ್ಯೋಗಿಯೊಬ್ಬರಿಂದ ತೆಗೆದ ಕೈಸಾಲ.

ಆದರೂ ಆ ಶಾಲೆಯ ಮಕ್ಕಳ ವಿಷಯ ಹೇಳದಿದ್ದರೆ ಅನ್ಯಾಯವಾದೀತು. 1970ರಲ್ಲಿ ಇಡೀ ಒಮಾನಿನಲ್ಲಿದ್ದದ್ದು ಮೂರೇ ಶಾಲೆಗಳು. ಅಕ್ಷರ ಕಾಣದ ಅಜ್ಜಂದಿರ ಮೊಮ್ಮಕ್ಕಳು ನನ್ನ ಮುಂದೆ ಕುಳಿತಿದ್ದರು. ಅರಬ್ಬಿಯಲ್ಲಿ ಪಕಾರವಿಲ್ಲ, ಆದ್ದರಿಂದ ‘ಪಾರ್ಕ್’ ಎಂಬುದು ಅವರ ಬಾಯಲ್ಲಿ ‘ಬಾರ್ಕ್’ ಆಗುತ್ತಿತ್ತು. ‘ಸ್ಟ್ರೀಟ್’ ಎನ್ನಲು ಹೋಗಿ ‘ಇಸ್ಟ್ರೀಟ್’ ಎನ್ನುತ್ತಿದ್ದರು. ನನಗೆ ನಗು ಬರಲಿಲ್ಲ. ನಮ್ಮೂರಿನಲ್ಲಿ ನಾವೆಲ್ಲರೂ ‘ಇಸ್ಕೂಲಿ’ಗೆ ಹೋಗಿ ಬಂದವರೇ. ನಾಲಿಗೆ ಎಲ್ಲಿ ಎಡವುತ್ತದೆ, ಅದನ್ನು ಹೇಗೆ ಎಬ್ಬಿಸಬೇಕು ಎಂಬುದು ಇಂಗ್ಲಿಷನ್ನು ತೊಟ್ಟಿಲಿನಲ್ಲೇ ಕಲಿತವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ‘ಪ’ ಎಂದಾಗ ಉಸಿರು ತಾಕುವುದನ್ನು ತೋರಿಸಿಕೊಟ್ಟ ದಿನ ಇಡೀ ತರಗತಿ ಗಂಟೆ ಹೊಡೆಯುವವರೆಗೂ ಊದುತ್ತಲೇ ಇತ್ತು. ನನ್ನ ಜೀವನದ ಅತ್ಯಂತ ಕೆಟ್ಟ ಕರಾರಿನಲ್ಲಿ ಅತ್ಯುತ್ತಮ ತರಗತಿ ದೊರೆತದ್ದು ವಿಚಿತ್ರವೇ ಸರಿ.

ಎರಡು ವರ್ಷಗಳ ಅವಧಿ ಮುಗಿಸಿ 2006ರಲ್ಲಿ ಮರಳಿದೆ. ಮರುವರ್ಷ ಮಸ್ಕತ್ತಿನ ಭಾರತೀಯ ಸಮುದಾಯದ ಶಾಲೆಯೊಂದು ಪತ್ರಿಕೆಯಲ್ಲಿ ನೀಡಿದ್ದ ಜಾಹೀರಾತನ್ನು ಕಂಡು ನಾನೇ ಅರ್ಜಿ ಹಾಕಿದೆ. ಬೆಂಗಳೂರಿನಲ್ಲಿ ಸಂದರ್ಶನ, ಒಂದು ಪಾಠದ ಪರೀಕ್ಷೆ. ಕರಾರು ಅಂಚೆಯಲ್ಲಿ ಮನೆಗೇ ಬಂತು, ವಿಮಾನದ ಟಿಕೆಟೂ ಬಂತು. ನನ್ನಿಂದ ಯಾರೂ ಬಿಡಿಗಾಸು ಕೇಳಲಿಲ್ಲ. ಅಲ್ಲಿ ಒಂಬತ್ತು ವರ್ಷ ನೆಮ್ಮದಿಯಿಂದ ದುಡಿದೆ. ಹಿಂದೂಪುರದ ಮನೆ ಕಟ್ಟಿದ್ದು ಆ ದುಡ್ಡಿನಲ್ಲಿ. ಆದರೆ ಊರಿನವರ ಮುಂದೆ ಎರಡು ಕೆಲಸಗಳನ್ನೂ ನಾನು ಒಂದೇ ಕಥೆಯಾಗಿ ಹೆಣೆದುಬಿಟ್ಟಿದ್ದೆ. ಏಜೆಂಟರಿಗೆ ಕೊಟ್ಟ ಅರವತ್ತು ಸಾವಿರದಿಂದಲೇ ಎಲ್ಲವೂ ಆಯಿತು ಎಂದು ಭಾವನವರು ನಂಬಿದ್ದರೆ ತಪ್ಪು ಅವರದಲ್ಲ.

ಮಡಕಶಿರಾದಲ್ಲಿ, ಪಾವಗಡದಲ್ಲಿ ಬಸ್ಸು ಬದಲಿಸುತ್ತ ಕಲ್ಯಾಣದುರ್ಗಕ್ಕೆ ಹೋದೆ. ಆ ದಾರಿಯಲ್ಲಿ ಒಮ್ಮೆ ಆಂಧ್ರವನ್ನು ಬಿಟ್ಟು ಮತ್ತೆ ಆಂಧ್ರಕ್ಕೇ ಬರಬೇಕು. ಅಂಗಡಿಗಳ ಫಲಕಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿ, ಪುನಃ ತೆಲುಗಾಗುತ್ತವೆ. 2022ರಿಂದ ನಮ್ಮೆರಡು ಊರುಗಳ ಜಿಲ್ಲೆಯೂ ಬೇರೆಯಾಗಿದೆ. ಅಷ್ಟು ದೂರವೂ ಮನಸ್ಸಿನಲ್ಲಿ ನಾನು ಅಭ್ಯಾಸ ಮಾಡಿದ್ದು ಪತ್ರದ ದೋಷಗಳನ್ನು ವಿವರಿಸುವ ಮಾತುಗಳನ್ನೇ. ನನ್ನ ವಿಷಯ ಎತ್ತದೆಯೇ ಕಾರ್ಯ ಸಾಧಿಸಬಹುದೆಂಬ ಆಸೆ.

ಊಟವಾದ ಮೇಲೆ ಪತ್ರವನ್ನು ಚಾಪೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ಓದಿದೆವು. ಮೊದಲು ಸಂದರ್ಶಕ ವೀಸಾದಲ್ಲಿ ಬರಬೇಕು, ಕೆಲಸದ ವೀಸಾವನ್ನು ಅಲ್ಲಿ ಮಾಡಿಸಲಾಗುವುದು ಎಂದಿತ್ತು. ಸಂದರ್ಶಕ ವೀಸಾದಲ್ಲಿ ದುಡಿಯುವುದು ಆ ದೇಶದಲ್ಲಿ ಅಪರಾಧ. ಅಲ್ಲಿನ ಕಾರ್ಮಿಕ ಸಚಿವಾಲಯವೇ ನಿಗದಿಪಡಿಸಿದ ನೇಮಕದ ನಮೂನೆಯೊಂದಿದೆ. ಪರವಾನಗಿಗೆ ಮುನ್ನವೇ ಅದನ್ನು ಓದಿ ಸಹಿ ಮಾಡಬೇಕು. 2016ರಲ್ಲಿ ಈ ಪದ್ಧತಿ ಬಂದಾಗ ಅರಬ್ಬೀ, ಇಂಗ್ಲಿಷ್ ಜೊತೆಗೆ ಕೆಲಸಗಾರರ ಭಾಷೆಯಲ್ಲೂ ಅದು ಇರಬೇಕೆಂದು ಮಾಡಿದರು. ಆ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು ಇದ್ದವು; ಕನ್ನಡವಾಗಲಿ ತೆಲುಗಾಗಲಿ ಇರಲಿಲ್ಲ.

“ಇಂಗ್ಲಿಷ್ ಟೀಚರಿಗೆ ಅದರಿಂದ ಏನು ತೊಂದರೆ ಮಾವ?” ಎಂದು ಹುಡುಗಿ ನಕ್ಕಳು.

“ನಿನಗೆ ತೊಂದರೆಯಿಲ್ಲಮ್ಮ. ಹೊಲ ಅಡವಿಡುವವರು ನಿಮ್ಮಪ್ಪ. ಅವರು ಓದಬೇಡವೇ?” ಎಂದೆ. ಭಾವನವರು ಮಾತಾಡಲಿಲ್ಲ.

ಸಂಬಳವನ್ನು ಒಂದೇ ಮೊತ್ತವಾಗಿ ನಮೂದಿಸಿದ್ದರು. ಮೂಲ ವೇತನ ಎಷ್ಟು, ಬಾಡಿಗೆಗೆ ಎಷ್ಟು ಎಂದು ಬಿಡಿಸಿರಲಿಲ್ಲ. ಕೆಲಸ ಬಿಡುವಾಗ ಸಿಗುವ ಉಪದಾನ, ಅಂದರೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ವೇತನ, ಮೂಲ ವೇತನದ ಮೇಲೆಯೇ ಲೆಕ್ಕವಾಗುವುದರಿಂದ ಇದು ಸಣ್ಣ ಸಂಗತಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪದವಿ ಪತ್ರಗಳ ಮಾತೇ ಅದರಲ್ಲಿ ಇರಲಿಲ್ಲ. ನಿಜವಾದ ಶಾಲೆ ಮೊದಲು ಕೇಳುವುದು ಅವನ್ನು. ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಆ ದೇಶದ ರಾಯಭಾರ ಕಚೇರಿ, ಹೀಗೆ ಒಂದರ ಮೇಲೊಂದು ಮುದ್ರೆ ಬೀಳಬೇಕು. ದುಬೈನಲ್ಲಾದರೆ ಕೆಎಚ್‌ಡಿಎ ಎಂಬ ಶಿಕ್ಷಣ ಪ್ರಾಧಿಕಾರ ಅಧ್ಯಾಪಕರ ನೇಮಕವನ್ನು ಒಪ್ಪಬೇಕು. ಅದೇ ಪ್ರಾಧಿಕಾರದ ತಪಾಸಣಾ ವರದಿಗಳು ಸಾರ್ವಜನಿಕವಾಗಿದ್ದು, ಕಲ್ಯಾಣದುರ್ಗದಲ್ಲಿ ಕುಳಿತೂ ಓದಬಹುದು. ಪದವಿಯನ್ನು ಕೇಳದೆ ದುಡ್ಡನ್ನು ಕೇಳುವ ನೇಮಕ ಎಂಥದ್ದು?

ದುಡ್ಡಿನ ವಿಷಯವನ್ನು ಭಾವನವರಿಗೆ ಬಿಡಿಸಿ ಹೇಳಿದೆ. ನಮ್ಮ 1983ರ ವಲಸೆ ಕಾಯಿದೆಯ ಪ್ರಕಾರ ಏಜೆಂಟರು ನೋಂದಾಯಿತರಾಗಿರಬೇಕು, ಅವರು ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿಯನ್ನು ಮೀರುವಂತಿಲ್ಲ, ರಸೀದಿ ಕೊಡಲೇಬೇಕು. ಎಮಿರೇಟ್ಸ್ ದೇಶದ 2021ರ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲು ಮಾಡುವುದನ್ನೇ ನಿಷೇಧಿಸುತ್ತದೆ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಂದಿರುವುದಿಲ್ಲ. ಹತ್ತನೆಯ ತರಗತಿ ಪಾಸಾಗದ ಕೂಲಿಯವರು ಕೊಲ್ಲಿಗೆ ಹೊರಟರೆ ವಲಸೆ ಅಧಿಕಾರಿಯ ಅನುಮತಿ ಬೇಕು, ಅವರ ಕರಾರನ್ನು ಅಲ್ಲಿ ನೋಡುತ್ತಾರೆ. ಎಂ.ಎ. ಓದಿದವರಿಗೆ ಅದರ ಅಗತ್ಯವಿಲ್ಲ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳುವರೆಂದು ಸರ್ಕಾರ ಭಾವಿಸಿದೆ; ಆದಕಾರಣ ಮೋಸದ ಕಾಗದ ಹಿಡಿದು ಹೊರಟ ಮೇಷ್ಟರನ್ನು ತಡೆದು ಕೇಳುವವರು ದಾರಿಯಲ್ಲಿ ಯಾರೂ ಇಲ್ಲ.

ಭಾವನವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು: “ಹಾಗಾದರೆ ನಿನಗೆ ಹೇಗೆ ಸರಿಹೋಯಿತು?”

ಹೇಳಿದೆ. 160 ರಿಯಾಲ್, ಕಪಾಟಿನೊಳಗಿನ ಪಾಸ್‌ಪೋರ್ಟ್, ಯುಗಾದಿಯ ಕೈಸಾಲ, ಯಾವುದನ್ನೂ ಬಿಡದೆ ಹೇಳಿದೆ. ಅಕ್ಕ ಎಲೆ ಅಡಿಕೆಯ ತಟ್ಟೆಯನ್ನು ಕೆಳಗಿಟ್ಟು, “ಆ ವರ್ಷವೇ ಅಲ್ಲವೇನೋ ನಾನು ಬಾಣಂತನಕ್ಕೆಂದು ಐದು ಸಾವಿರ ಕೇಳಿ ತರಿಸಿಕೊಂಡದ್ದು?” ಎಂದಳು. ಹೌದೆಂದೆ. ಅವಳು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಭಾವನವರು ಜಗಲಿಯ ಮೇಲೆ ಕುಳಿತಿದ್ದು, ಕತ್ತಲಾದ ಮೇಲೆ, “ಮಾವನವರಿಗೆ ಗೊತ್ತಿತ್ತೇ?” ಎಂದು ಕೇಳಿದರು. ಗೊತ್ತಿರಲಿಲ್ಲ. ಅಪ್ಪ 2011ರಲ್ಲಿ ತೀರಿಕೊಂಡರು. ನಾನು ಅಲ್ಲಿಗೆ ಹೋದ ದಿನದಿಂದ 250 ರಿಯಾಲ್ ಎಣಿಸಿದೆನೆಂದೇ ಅವರ ನಂಬಿಕೆ.

ಶಾಲೆಯ ಸ್ವಂತ ಜಾಲತಾಣದಲ್ಲಿದ್ದ ವಿಳಾಸಕ್ಕೆ ಹುಡುಗಿ ಅಂದೇ ರಾತ್ರಿ ಬರೆದಳು. ಮೂರನೆಯ ದಿನ ಉತ್ತರ ಬಂತು. ಅಂಥ ಹುದ್ದೆಯೇ ಖಾಲಿಯಿರಲಿಲ್ಲ. ಆ ಏಜೆಂಟರನ್ನು ಅವರು ಬಲ್ಲವರೂ ಅಲ್ಲ. ನನಗೆ ಫೋನು ಮಾಡುವ ಮುನ್ನವೇ ಮುಂಗಡವಾಗಿ ಹತ್ತು ಸಾವಿರ ಕೊಟ್ಟಿದ್ದುದನ್ನು ಭಾವನವರು ಆಗ ಒಪ್ಪಿಕೊಂಡರು. ಅದು ಹೋಯಿತು. ಹೊಲ ಉಳಿಯಿತು.

ಈಗ ಅವಳೇ ಹುಡುಕುತ್ತಿದ್ದಾಳೆ. ಬ್ರಿಟನ್, ಐರ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಪಾಸ್‌ಪೋರ್ಟಿನವರು ಮಾತ್ರ ಅರ್ಜಿ ಹಾಕಬೇಕೆಂಬ ಜಾಹೀರಾತುಗಳನ್ನು ಕಂಡು ಒಮ್ಮೆ ಕಣ್ಣೀರಿಟ್ಟಳು. ಕಾಶ್ಮೀರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭಾಷಾವಿಜ್ಞಾನಿ ಬ್ರಜ್ ಕಚ್ರು ಅವರು ಇಂಗ್ಲಿಷ್ ಬಳಸುವ ದೇಶಗಳನ್ನು ಮೂರು ವೃತ್ತಗಳಾಗಿ ವಿಂಗಡಿಸಿದರು. ಹೊರವೃತ್ತದ ನಮ್ಮ ಇಂಗ್ಲಿಷಿಗೂ ಅದರದೇ ಆದ ಮಾನ್ಯತೆಯಿದೆ ಎಂಬುದು ಅವರ ವಾದ. ವಿದ್ವಾಂಸರು ಒಪ್ಪಿದ್ದನ್ನು ಸಂಬಳ ಕೊಡುವವರು ಇನ್ನೂ ಒಪ್ಪಿಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಪ್ರಯತ್ನಿಸು, ಸಂಬಳ ಬ್ರಿಟಿಷ್ ಶಾಲೆಗಳಿಗಿಂತ ಕಡಿಮೆ, ಆದರೆ ನಿನ್ನ ಬಿ.ಎಡ್.ಗೆ ಅಲ್ಲಿ ಬೆಲೆಯಿದೆ ಎಂದಿದ್ದೇನೆ. ಶಾರ್ಜಾದ ಒಂದು ಶಾಲೆ ಹದಿನೈದು ನಿಮಿಷದ ಪಾಠದ ವಿಡಿಯೊ ಕೇಳಿತು. ಫ್ಯಾನಿನ ಸದ್ದು ಬಾರದಿರಲೆಂದು ಅದನ್ನು ನಿಲ್ಲಿಸಿ, ಮೇ ತಿಂಗಳ ಸೆಕೆಯಲ್ಲಿ, ಬೀದಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿ ಕಳುಹಿಸಿದ್ದಾಳೆ. ಪದವಿ ಪತ್ರಗಳು ಮುದ್ರೆಗಾಗಿ ಹೋಗಿವೆ.

ಮೊನ್ನೆ ಭಾವನವರು ಹಿಂದೂಪುರಕ್ಕೆ ಬಂದಿದ್ದರು. ಆ ತೋಪನ್ನು ಒಮ್ಮೆ ತೋರಿಸು ಎಂದರು. ಇಬ್ಬರೂ ಹೋದೆವು. ಈಗಿನ ಮಾಲೀಕರು ಅರ್ಧಕ್ಕಿಂತ ಹೆಚ್ಚು ಮರಗಳನ್ನು ಕಡಿಸಿ ಹಿಪ್ಪುನೇರಳೆ ಹಾಕಿದ್ದಾರೆ. ಭಾವನವರು ಬೇಲಿಯ ಪಕ್ಕದಲ್ಲಿ ನಡೆಯುತ್ತ ಉಳಿದ ಮರಗಳನ್ನು ಬೆರಳು ಮಡಿಸಿ ಎಣಿಸಿದರು. ಹನ್ನೊಂದು ಇದ್ದವು.