ಬೆಂಗಳೂರಿನ ಕೆಲಸ, ಟ್ಯಾಲಿನ್ನಿನ ಹಗಲು

ಬಾಲ್ಟಿಕ್ ಸಮುದ್ರದ ತೀರದಲ್ಲಿರುವ ಎಸ್ಟೋನಿಯಾ ಎಂಬ ಪುಟ್ಟ ದೇಶವು 2020ರಲ್ಲಿ ಹೊಸ ಬಗೆಯ ವೀಸಾವೊಂದನ್ನು ಜಾರಿಗೆ ತಂದಿತು. ಪರದೇಶದ ಕಂಪೆನಿಯ ಕೆಲಸವನ್ನು ಕಂಪ್ಯೂಟರಿನ ಮೂಲಕ ಮಾಡುತ್ತಲೇ ಒಂದು ವರ್ಷದವರೆಗೆ ಇಲ್ಲಿ ನೆಲಸಬಹುದೆಂಬುದು ಅದರ ತಿರುಳು. ಸಂಬಳ ಬೆಂಗಳೂರಿನದು, ವಾಸ ರಾಜಧಾನಿ ಟ್ಯಾಲಿನ್ನಿನಲ್ಲಿ! ಕೇಳುವುದಕ್ಕೆ ಸೊಗಸು; ಬಾಳಿ ನೋಡಿದರೆ ಲೆಕ್ಕ ಬೇರೆ.

ಮೊದಲನೆಯ ಲೆಕ್ಕ ಗಡಿಯಾರದ್ದು. ಚಳಿಗಾಲದಲ್ಲಿ ಟ್ಯಾಲಿನ್ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನ ಕಚೇರಿ ಬೆಳಿಗ್ಗೆ 9-30ಕ್ಕೆ ಆರಂಭವಾದಾಗ ಇಲ್ಲಿ ಆರು ಗಂಟೆ. ಅಲ್ಲಿ ಸಂಜೆ 6-30ಕ್ಕೆ ಕೆಲಸ ಮುಗಿದಾಗ ಇಲ್ಲಿ ಮೂರು. ಡಿಸೆಂಬರಿನಲ್ಲಿ ಸೂರ್ಯ ಮೂಡುವುದು ಒಂಬತ್ತು ದಾಟಿದ ಮೇಲೆ, ಮುಳುಗುವುದು 3-20ರ ಸುಮಾರಿಗೆ. ಮೇಜಿನಿಂದ ಎದ್ದವರ ಪಾಲಿಗೆ ಉಳಿಯುವ ಹಗಲು ಇಪ್ಪತ್ತೇ ನಿಮಿಷ! ಈ ಸಾಲವನ್ನು ಜೂನ್ ತಿಂಗಳು ಬಡ್ಡಿಸಮೇತ ತೀರಿಸುತ್ತದೆ. ಆಗ ರಾತ್ರಿ ಹತ್ತೂವರೆಯಾದರೂ ಸೂರ್ಯ ಮುಳುಗುವುದಿಲ್ಲ.

ಎರಡನೆಯ ಲೆಕ್ಕ ಮಾತಿನದು. ಈ ಊರಿನಲ್ಲೇ ಕೆಲಸ ಹಿಡಿದವರಿಗೆ ಜೊತೆಗಾರರಾದರೂ ಇರುತ್ತಾರೆ. ನಮ್ಮ ಮಾತುಕತೆಯೆಲ್ಲ ಬೆಂಗಳೂರಿನವರೊಡನೆ. ಮನಸ್ಸು ಮಾಡಿ ಹೊರಗೆ ಹೊರಡದಿದ್ದರೆ ಊರಿನವರೊಡನೆ ಒಂದು ಮಾತೂ ಆಡದೆ ವಾರವೇ ಕಳೆದೀತು.

ಹೊರಟರೆ ಊರು ಮುಖ ತಿರುಗಿಸುವುದಿಲ್ಲ. ರೈಲು ನಿಲ್ದಾಣದ ಪಕ್ಕದ ಮಾರುಕಟ್ಟೆಯಲ್ಲಿ ರೈ ಧಾನ್ಯದ ಕಪ್ಪು ಬ್ರೆಡ್ಡು ದೊರೆಯುತ್ತದೆ. ನಮ್ಮವರಿಗೆ ರಾಗಿಮುದ್ದೆಯಿದ್ದಂತೆ ಇವರಿಗೆ ಅದು. ಅಂಗಡಿಗೆ ಕಾಲಿಟ್ಟೊಡನೆ ಹೇಳಬೇಕಾದ ವಂದನೆಯ ಮಾತೋ, ‘ತೆರೆ’! ಬಾಗಿಲು ತೆರೆ ಎನ್ನುವ ನಮ್ಮ ಮಾತೇ ಎಂಬಂತೆ ಕಿವಿಗೆ ಬೀಳುತ್ತದೆ. ವ್ಯಾಕರಣವೂ ತೀರ ಹೊರಗಿನದೆನಿಸದು. ನಾವು ‘ಟ್ಯಾಲಿನ್ನಿನಲ್ಲಿ’ ಎಂದು ಪ್ರತ್ಯಯ ಹಚ್ಚುವಂತೆ ಇವರು ‘ಟ್ಯಾಲಿನ್ನಸ್’ ಎನ್ನುತ್ತಾರೆ. ಆದರೆ ಇವರ ವಿಭಕ್ತಿಗಳು ಹದಿನಾಲ್ಕು. ಕಲಿಯುವವರಿಗೆ ತಾಳ್ಮೆ ಬೇಕು.

ಇಲ್ಲಿಯ ಇನ್ನೊಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಕತ್ತಲಲ್ಲಿ ನಡೆಯುವವರು ಬೆಳಕನ್ನು ಪ್ರತಿಫಲಿಸುವ ಬಿಲ್ಲೆಯೊಂದನ್ನು ಧರಿಸಲೇಬೇಕೆಂಬುದು ಕಾನೂನು. ಮಕ್ಕಳ ಚೀಲದಿಂದ, ಮುದುಕರ ಕೋಟಿನಿಂದ ಅದು ತೂಗಾಡುತ್ತಿರುತ್ತದೆ. ಮೋಟಾರಿನ ದೀಪ ಬಿದ್ದೊಡನೆ, ಅಲ್ಲೊಬ್ಬ ಮನುಷ್ಯನಿದ್ದಾನೆಂದು ದೂರದಿಂದಲೇ ತಿಳಿಯುತ್ತದೆ.

ನಿಮ್ಮ ಮಗನೋ ಮಗಳೋ ಇಂಥ ಕೆಲಸಕ್ಕೆ ಹೊರಟರೆ ಉಣ್ಣೆಯ ಬಟ್ಟೆ, ಚಟ್ನಿಪುಡಿಗಳ ಜೊತೆಗೆ ಒಂದು ಬುದ್ಧಿಮಾತನ್ನೂ ಕಟ್ಟಿಕೊಡಿ: ಬಿಲ್ಲೆ ಧರಿಸಿ ಪ್ರತಿದಿನವೂ ಮನೆಯಿಂದ ಹೊರಗೆ ಹೋಗು, ಎದುರಾದ ನಾಲ್ವರಿಗೆ ‘ತೆರೆ’ ಎನ್ನು.